‘ಮಾನ್‌ಸ್ಟರ್ ಮ್ಯಾನ್ಯುಅಲ್’ ಗ್ರಂಥದ ರಾಕ್ಷಸ

ಅಮೆರಿಕಾ ದೇಶದ ವಿಸ್ಕಾನ್‌ಸಿನ್ ಪ್ರಾಂತಕ್ಕೆ ಸೇರಿದ ಲೇಕ್ ಜಿನೀವಾ ಎಂಬ ಸಣ್ಣ ಪಟ್ಟಣದಿಂದ 1977ರಲ್ಲಿ ‘ಮಾನ್‌ಸ್ಟರ್ ಮ್ಯಾನ್ಯುಅಲ್’ ಎಂಬ ಗ್ರಂಥವು ಹೊರಬಿದ್ದಿತು. ಇದರ ಕರ್ತೃವು ಗ್ಯಾರಿ ಗೈಗ್ಯಾಕ್ಸ್. ಇವರೂ ಡೇವ್ ಆರ್ನೆಸನ್ ಎಂಬವರೂ ಕೂಡಿ 1974ರಲ್ಲಿ ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟಕ್ಕೆ ಇದು ಅಂಗಭೂತವಾದ ಕೋಶವು. ಆಟಗಾರರು ಮೇಜಿನ ಸುತ್ತ ಕುಳಿತು ತಲೆಗೊಂದು ಪಾತ್ರವನ್ನು ವಹಿಸಿ, ನಿರ್ವಾಹಕನು ಹೇಳುವ ಕಥೆಯಲ್ಲಿ ಮಾತಿನಿಂದಲೂ ದಾಳಗಳಿಂದಲೂ ಸಂಚರಿಸುವುದೇ ಆ ಆಟದ ಸ್ವರೂಪ. ಅಲ್ಲಿ ಎದುರಾಗತಕ್ಕ 350ಕ್ಕೆ ಮೇಲ್ಪಟ್ಟ ವಿಕಟಜೀವಿಗಳನ್ನು 112 ಪುಟಗಳಲ್ಲಿ ಇಂಗ್ಲಿಷ್ ವರ್ಣಾನುಕ್ರಮದಿಂದ ಜೋಡಿಸಿಕೊಟ್ಟಿರುವ ಈ ಗ್ರಂಥದಲ್ಲಿ ‘ರಾಕ್ಷಸ’ ಎಂಬ ಶಬ್ದವೂ ಒಂದಾಗಿದೆ. ಆಟದ ಪುಸ್ತಕವೆಂದು ವಿದ್ವಾಂಸರು ಇದನ್ನು ಕಡೆಗಣಿಸುವುದು ಯುಕ್ತವಲ್ಲ. ರಾಮಾಯಣವನ್ನು ಎಂದೂ ಓದದ ಬಹುಮಂದಿ ಪಾಶ್ಚಾತ್ಯ ತರುಣರಿಗೆ ರಾಕ್ಷಸನ ಪರಿಚಯವು ಇದರಿಂದಲೇ ಆಗಿರುವ ಕಾರಣ, ಈ ಅರ್ಥವು ಎಲ್ಲಿಂದ ಬಂದಿತೆಂದು ಶೋಧಿಸುವುದು ನಮ್ಮ ಕರ್ತವ್ಯವಾಗಿದೆ.

ಗ್ರಂಥದ ಆಕರಗಳು ಬಹುವಿಧ. ಬಾಬಿಲೋನಿಯದ ಸೃಷ್ಟಿಕಥೆಯ ಸಮುದ್ರಮಾತೆಯಾದ ತಿಯಾಮತ್ ಇಲ್ಲಿ ಐದು ತಲೆಯ ಘಟಸರ್ಪವಾಗಿದ್ದಾಳೆ. ಅರಬರ ಭೂಗೋಳವರ್ಣನೆಯಲ್ಲಿ ಜಗತ್ತಿನ ಭಾರವನ್ನು ಹೊತ್ತ ಮಹಾಮತ್ಸ್ಯವಾದ ಬಹಮೂತ್, ಆಕೆಗೆ ಪ್ರತಿಸ್ಪರ್ಧಿಯಾದ ಮತ್ತೊಂದು ಘಟಸರ್ಪವಾಗಿದೆ. ನಮ್ಮ ನಾಗರೂ ಇದ್ದಾರೆ. ಇವೆಲ್ಲಕ್ಕೂ ಪಕ್ಕದಲ್ಲಿಯೇ, ಅಂಗಡಿಯಲ್ಲಿ ಮಾರುತ್ತಿದ್ದ ಪ್ಲಾಸ್ಟಿಕ್ ಆಟದ ಗೊಂಬೆಗಳನ್ನು ನೋಡಿ ಕಲ್ಪಿಸಿದ ಒಂದೆರಡು ಪ್ರಾಣಿಗಳೂ ಸಮಾನಪಂಕ್ತಿಯಲ್ಲಿ ಕುಳಿತಿವೆ! ನಮ್ಮ ನಿಘಂಟುಕಾರರಿಗೆ ಇಂತಹ ಧೈರ್ಯವಿರಲಿಲ್ಲ.

ಪ್ರಕೃತ ರಾಕ್ಷಸನ ವಿಚಾರ. ಇವನು ಭರತಖಂಡದಲ್ಲಿ ಮೊದಲು ಕಾಣಿಸಿಕೊಂಡ ದುಷ್ಟಭೂತವೆಂದೂ, ನರಮಾಂಸಪ್ರಿಯನೆಂದೂ, ಎದುರಾಳಿಯ ಮನಸ್ಸನ್ನು ಅರಿತು ಅವನು ನಂಬುವ ಮಿತ್ರನ ರೂಪವನ್ನು ತಾಳಿ ಬರುವನೆಂದೂ, ಪುರೋಹಿತನು ಮಂತ್ರಿಸಿಕೊಟ್ಟ ಅಡ್ಡಬಿಲ್ಲಿನ ಬಾಣವು ತಗುಲಿದರೆ ಸಾಯುವನೆಂದೂ ಗ್ರಂಥವು ಹೇಳುತ್ತದೆ. ಇವುಗಳಲ್ಲಿ ಕೆಲವು ಲಕ್ಷಣಗಳು ನಮಗೆ ಪರಿಚಿತವೇ. ಅಮರಸಿಂಹನು ಹೇಳುವ ಕ್ರವ್ಯಾದ, ಅಸ್ರಪ ಎಂಬ ಪರ್ಯಾಯಪದಗಳು ಮಾಂಸವನ್ನೂ ರಕ್ತವನ್ನೂ ಸೂಚಿಸುತ್ತವೆ. ಕಾಮರೂಪಿತ್ವಕ್ಕೆ ಮಾರೀಚನ ಹೊಂಜಿಂಕೆಯೂ ರಾವಣನ ಸಂನ್ಯಾಸಿವೇಷವೂ ಸಾಕ್ಷಿ. ಆದರೆ ‘ನಂಬಿದವನ ರೂಪ’ ಮತ್ತು ‘ಅಡ್ಡಬಿಲ್ಲು’ ಎಂಬ ಎರಡು ವಿಶೇಷಗಳು ಒಟ್ಟಿಗೆ ಬರುವುದು ವಾಲ್ಮೀಕಿಯಲ್ಲಿ ಅಲ್ಲ, 1974ನೆಯ ಡಿಸೆಂಬರಿನಲ್ಲಿ ಅಮೆರಿಕದ ದೂರದರ್ಶನದಲ್ಲಿ ಪ್ರದರ್ಶಿತವಾದ ‘ಕೋಲ್ಚಾಕ್’ ಎಂಬ ಕಥಾಮಾಲೆಯ ಒಂದು ಪ್ರಕರಣದಲ್ಲಿ. ಅಲ್ಲಿಯೂ ರಾಕ್ಷಸನು ಬಲಿಯಾಗುವವನ ಆಪ್ತರ ರೂಪದಲ್ಲಿ ಬರುತ್ತಾನೆ. ಅಲ್ಲಿಯೂ ಪವಿತ್ರೀಕೃತವಾದ ಅಡ್ಡಬಿಲ್ಲಿನ ಬಾಣವೇ ಅವನಿಗೆ ಮೃತ್ಯು. ಗೈಗ್ಯಾಕ್ಸರ ಸಂಸ್ಥೆಯ ಪತ್ರಿಕೆಯಲ್ಲಿ ರಾಕ್ಷಸನ ಮೊದಲ ಲಕ್ಷಣಲೇಖವು 1975ರ ಡಿಸೆಂಬರಿನಲ್ಲಿ, ಎಂದರೆ ಸರಿಯಾಗಿ ಒಂದು ವರ್ಷದ ತರುವಾಯ, ಅಚ್ಚಾಯಿತು. ಇಂತಹ ಸಾಮ್ಯವನ್ನು ಕಾಕತಾಳೀಯವೆನ್ನುವುದಕ್ಕಾಗುವುದಿಲ್ಲ.

ಅಭಿಮಂತ್ರಿತವಾದ ಬಾಣದಿಂದಲೇ ರಾಮನು ರಾವಣನನ್ನು ಕೊಂದನೆಂಬುದು ಯುದ್ಧಕಾಂಡದ ಕಥೆಯಾದುದರಿಂದ, ಆ ದೃಶ್ಯಕಥೆಯ ಬಾಣಕ್ಕೂ ಮೂಲವು ಅದೇ ಎಂದು ಕೆಲವರು ವಾದಿಸಬಹುದು. ನಾನು ಅಷ್ಟು ದೂರ ಹೋಗಲಾರೆನು. ಬ್ರಹ್ಮಾಸ್ತ್ರವು ರಾವಣನ ವಧೆಯ ಸಂದರ್ಭದಲ್ಲಿ ಬಂದ ವಿಶೇಷ. ಅದನ್ನು ಜಾತಿಲಕ್ಷಣವಾಗಿ ಮಾಡಿದರೆ, ಬರಿಯ ಬಾಣಗಳಿಂದ ಜನಸ್ಥಾನದಲ್ಲಿ ಸತ್ತ ಸಹಸ್ರಾರು ರಾಕ್ಷಸರ ಗತಿಯೇನು?

ಇನ್ನು ಹುಲಿಯ ಮೋರೆ. ದೂರದರ್ಶನದ ರಾಕ್ಷಸನು ಬರಿಯ ರೋಮಶನು. ಗ್ರಂಥಕ್ಕೆ ಚಿತ್ರ ಬರೆದವರಲ್ಲೊಬ್ಬರಾದ ಡೇವಿಡ್ ಟ್ರಾಂಪಿಯರ್ ಎಂಬವರು, ಸೊಗಸಾದ ನಿಲುವಂಗಿಯನ್ನು ತೊಟ್ಟು ಚುಂಗಾಣಿಯನ್ನು ಸೇದುತ್ತ ಕುಳಿತ ವ್ಯಾಘ್ರಮುಖನನ್ನು ಚಿತ್ರಿಸಿದರು. ಆ ರೂಪವೇ ಮುಂದೆ ರೂಢವಾಯಿತು. ಇದನ್ನು ಕೇವಲ ಅಪಭ್ರಂಶವೆಂದು ತಳ್ಳಿಹಾಕುವ ಮೊದಲು ಸುಂದರಕಾಂಡವನ್ನು ತೆರೆದು ನೋಡಬೇಕು. ಅಶೋಕವನದಲ್ಲಿ ಸೀತೆಯನ್ನು ಸುತ್ತುವರಿದ ರಾಕ್ಷಸಿಯರಲ್ಲಿ ಹಂದಿ, ಜಿಂಕೆ, ಕೋಣ, ಆಡು, ನರಿ ಇವುಗಳ ಮುಖದವರೊಂದಿಗೆ ಶಾರ್ದೂಲಮುಖದವರನ್ನೂ ಆದಿಕವಿಯು ಎಣಿಸಿದ್ದಾನೆ. ಚಿತ್ರಕಾರನು ಇದನ್ನು ಓದಿದ್ದನೆಂದು ನನ್ನ ಅಭಿಪ್ರಾಯವಲ್ಲ. ಕವಿಯಲ್ಲಿ ನಾನಾಮುಖಗಳೊಳಗೆ ಒಂದಾಗಿದ್ದುದು ಕೋಶದಲ್ಲಿ ಏಕಮಾತ್ರ ಮುಖವಾಯಿತೆಂಬುದಷ್ಟೇ ಇಲ್ಲಿ ಗಮನಾರ್ಹವಾದ ವಿಷಯ.

ನಿಜವಾದ ನಷ್ಟವು ಮುಖದಲ್ಲಿಲ್ಲ, ಶೀಲದಲ್ಲಿದೆ. ಆ ಗ್ರಂಥದಲ್ಲಿ ಪ್ರತಿಯೊಂದು ಜಾತಿಗೂ ಬಲ, ವೇಗ, ಬುದ್ಧಿಗಳಂತೆಯೇ ಧರ್ಮಾಧರ್ಮಸ್ಥಿತಿಯನ್ನೂ ಮೊದಲೇ ಗೊತ್ತುಮಾಡಿಟ್ಟಿದೆ. ರಾಕ್ಷಸನಿಗೆ ದೊರೆತುದು ‘ನಿಯಮಕ್ಕೆ ಒಳಪಟ್ಟ ದುಷ್ಟ’ ಎಂಬ ಪದವಿ. ದಾಳ ಉರುಳಿಸುವವರಿಗೆ ಇಂತಹ ಕೋಷ್ಟಕವು ಅನುಕೂಲವೇ ಸರಿ. ಆದರೆ ಇದರಲ್ಲಿ ವಿಭೀಷಣನಿಗೆ ಸ್ಥಾನವೆಲ್ಲಿ? ಸೀತೆಗೆ ಶುಭಸ್ವಪ್ನವನ್ನು ಹೇಳಿದ ತ್ರಿಜಟೆಗೆ ಸ್ಥಾನವೆಲ್ಲಿ? ಉತ್ತರಕಾಂಡದ ಪ್ರಕಾರ, ಪ್ರಜಾಪತಿಯು ಜಲವನ್ನು ಸೃಷ್ಟಿಸಿದಾಗ ‘ರಕ್ಷಿಸುವೆವು’ ಎಂದವರೇ ರಾಕ್ಷಸರಾದರು. ಅಮರಸಿಂಹನು ವಿದ್ಯಾಧರ, ಅಪ್ಸರಸ್ಸು, ಯಕ್ಷ, ಗಂಧರ್ವ ಮೊದಲಾದವರೊಡನೆ ರಕ್ಷಸ್ಸನ್ನೂ ದೇವಯೋನಿಗಳಲ್ಲಿಯೇ ಸೇರಿಸಿದ್ದಾನೆ. ಅವರಿಗೆ ‘ಪುಣ್ಯಜನ’ವೆಂಬ ಹೆಸರನ್ನೂ ಕೊಟ್ಟಿದ್ದಾನೆ. ಜೈನಪರಂಪರೆಯಲ್ಲಂತೂ ರಾಕ್ಷಸವೆಂಬುದು ವಿದ್ಯಾಧರರ ಒಂದು ರಾಜವಂಶದ ಹೆಸರು. ನಮ್ಮ ನಾಗಚಂದ್ರನು ‘ರಾಮಚಂದ್ರಚರಿತಪುರಾಣ’ದಲ್ಲಿ ರಾವಣನನ್ನು ಗುಣವಂತನಾದ ಅರಸನನ್ನಾಗಿ ನಿಲ್ಲಿಸಿ, ಅವನ ಪತನಕ್ಕಾಗಿ ಓದುಗರು ಮರುಗುವಂತೆ ಮಾಡಿದ್ದು ಈ ಆಧಾರದ ಮೇಲೆಯೇ. ಕನ್ನಡ ಉಪಾಧ್ಯಾಯರು ತರಗತಿಯಲ್ಲಿ ಈ ಎರಡು ರಾಕ್ಷಸರನ್ನೂ ಎದುರುಬದುರಾಗಿಟ್ಟು ತೋರಿಸಿದಲ್ಲಿ ವಿದ್ಯಾರ್ಥಿಗಳಿಗೆ ನಾಗಚಂದ್ರನ ಮಹತ್ತ್ವವು ಸುಲಭವಾಗಿ ವೇದ್ಯವಾದೀತು.

ಗ್ರಂಥವು ಅನೇಕ ಸಲ ಪರಿಷ್ಕಾರಗೊಂಡಿದೆ. ಗೈಗ್ಯಾಕ್ಸರು 2008ರಲ್ಲಿ ತೀರಿಕೊಂಡರು. ಆಟದ ಒಡೆತನವು ಅದಕ್ಕೂ ಮೊದಲೇ, 1997ರಲ್ಲಿ, ಬೇರೆ ಸಂಸ್ಥೆಗೆ ಸೇರಿತ್ತು. 2014ರ ಪಾಠದಲ್ಲಿ ರಾಕ್ಷಸನ ಜನ್ಮಭೂಮಿಯು ನರಕವೆಂದಾಗಿ, ದೇವಯೋನಿಯ ಗಂಧವು ಪೂರ್ತಿಯಾಗಿ ಅಳಿಸಿಹೋಗಿದೆ, ಅಂಗೈಗಳು ಹಿಮ್ಮುಖವಾಗಿವೆ. ಅಡ್ಡಬಿಲ್ಲಿನ ಹೆಸರಿಲ್ಲ. ಆದರೂ ಸಜ್ಜನನ ಕೈಯಲ್ಲಿರುವ ಮಾಂತ್ರಿಕವಾದ, ಚುಚ್ಚುವ ಆಯುಧಕ್ಕೆ ಅವನು ವಿಶೇಷವಾಗಿ ಸೋಲುವನೆಂಬ ವಿಧಿಯು ಉಳಿದಿದೆ. ಲಿಪಿಕಾರನು ಅರ್ಥವನ್ನು ಮರೆತರೂ ಅಕ್ಷರವನ್ನು ಬಿಡದೆ ಪ್ರತಿಮಾಡುವಂತೆ, 1974ರ ಆ ಬಾಣವು ನಲವತ್ತು ವರ್ಷಗಳ ನಂತರದ ಪಾಠದಲ್ಲಿಯೂ ಹೀಗೆ ನಾಟಿಕೊಂಡಿದೆ.