ದಪ್ಪಗಿದ್ದರೂ ನಗು, ಸಣ್ಣಗಿದ್ದರೂ ನಗು

ಭಾದ್ರಪದ ಶುದ್ಧ ಚೌತಿಯ ರಾತ್ರಿ ಚಂದ್ರನನ್ನು ನೋಡಬಾರದು ಎಂಬ ನಂಬಿಕೆ ಕನ್ನಡನಾಡಿನ ಮನೆಮನೆಗಳಲ್ಲೂ ಇದೆ. ಅದಕ್ಕೆ ಹಿರಿಯರು ಹೇಳುವ ಕಥೆಯೂ ಎಲ್ಲರಿಗೂ ಗೊತ್ತಿರುವಂಥದ್ದೇ. ಹೊಟ್ಟೆ ತುಂಬ ಕಡುಬು ತಿಂದು ಇಲಿಯ ಮೇಲೆ ಹೊರಟ ಗಣಪ ದಾರಿಯಲ್ಲಿ ಬಿದ್ದ. ಹೊಟ್ಟೆ ಬಿರಿಯಿತು. ಅಲ್ಲೇ ಇದ್ದ ಹಾವನ್ನೆತ್ತಿ ಹೊಟ್ಟೆಗೆ ಬಿಗಿದುಕೊಂಡ. ಮೇಲಿದ್ದ ಚಂದ್ರ ಇದನ್ನು ಕಂಡು ನಕ್ಕ. ಸಿಟ್ಟಿಗೆದ್ದ ಗಣಪ, ಈ ರಾತ್ರಿ ನಿನ್ನನ್ನು ನೋಡಿದವರಿಗೆ ಇಲ್ಲದ ಅಪವಾದ ಬರಲಿ ಎಂದು ಶಪಿಸಿದ.

ಕಥೆ ಹೇಳುವಾಗ ಒತ್ತು ಬೀಳುವುದು ಶಾಪದ ಮೇಲೆ, ಶಮಂತಕ ಮಣಿಯ ಕಥೆ ಕೇಳಿ ಆ ದೋಷ ಕಳೆದುಕೊಳ್ಳುವುದರ ಮೇಲೆ. ಚಂದ್ರ ಮಾಡಿದ ತಪ್ಪೇನು ಎಂದು ಕೇಳುವವರು ಕಡಿಮೆ. ಬಿದ್ದವನನ್ನು ಎತ್ತಲು ಬಾರದೆ ಅವನ ಹೊಟ್ಟೆ ನೋಡಿ ನಕ್ಕದ್ದೇ ಆ ತಪ್ಪು. ಮೈಯನ್ನು ನೋಡಿ ನಗುವುದು ಎಷ್ಟು ಆಳವಾಗಿ ನೋಯಿಸುತ್ತದೆ ಎಂಬುದು ನಮ್ಮ ಹಿರಿಯರಿಗೆ ತಿಳಿದಿತ್ತು.

ಆದರೂ ಮದುವೆ ಮನೆಯ ಪಂಕ್ತಿಯಲ್ಲಿ, ಬಸ್ ನಿಲ್ದಾಣದಲ್ಲಿ, ಹೆಣ್ಣು ನೋಡುವ ಶಾಸ್ತ್ರದಲ್ಲಿ ಚಂದ್ರನ ನಗು ಇಂದಿಗೂ ಕೇಳುತ್ತದೆ. ದಪ್ಪಗಿರುವವರನ್ನು ‘ಡುಮ್ಮ’, ‘ಡ್ರಮ್ಮು’ ಎನ್ನುವುದು ಒರಟುತನ ಎಂದು ಈಚೆಗೆ ಕೆಲವರಾದರೂ ಒಪ್ಪುತ್ತಾರೆ. ಸಣ್ಣಗಿರುವವರನ್ನು ‘ಕಡ್ಡಿ ಪೈಲ್ವಾನ್’, ‘ನರಪೇತಲ’ ಎಂದರೆ ಮಾತ್ರ ಅದು ಇನ್ನೂ ಸಲಿಗೆಯ ಮಾತು. ಗಾಳಿ ಬಂದರೆ ಹಾರಿಹೋಗುತ್ತೀಯ ಎಂದವರು ತಾವು ಕಾಳಜಿ ತೋರಿದೆವೆಂದೇ ತಿಳಿಯುತ್ತಾರೆ. ಕೇಳಿದವರು ನಕ್ಕು ಸುಮ್ಮನಾಗುತ್ತಾರೆ. ಆ ನಗುವಿನ ಹಿಂದೆ ಏನಿದೆ ಎಂಬುದನ್ನು ಇತಿಹಾಸ ಚೆನ್ನಾಗಿ ಹೇಳಬಲ್ಲದು.

ಬಡವ, ಬಡಕಲು

ಮೊದಲು ಕನ್ನಡದ್ದೇ ಒಂದು ಪದವನ್ನು ನೋಡಬಹುದು. ಬಡವ ಎಂದರೆ ಹಣವಿಲ್ಲದವನು. ಬಡಕಲು ಎಂದರೆ ಮೈಯಲ್ಲಿ ಮಾಂಸವಿಲ್ಲದ್ದು. ಎರಡಕ್ಕೂ ಮೂಲ ‘ಬಡ’ ಎಂಬ ಒಂದೇ ಮಾತು. ಮಗು ಬಡವಾಗಿದೆ ಎಂದರೆ ಸೊರಗಿದೆ ಎಂದರ್ಥ. ಮೈ ತುಂಬಿಕೊಂಡಿದ್ದಾಳೆ ಎಂಬುದೋ ಹೊಗಳಿಕೆ. ಬರ ಕಂಡ ನಾಡಿನ ಭಾಷೆ ಇದು. 1876-78ರ ಮಹಾಬರದಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆಯ ಸುಮಾರು ಐದನೇ ಒಂದು ಭಾಗ ಅಳಿದುಹೋಯಿತು. ಅಂಥ ನೆನಪಿರುವ ಊರುಗಳಲ್ಲಿ ಸಣ್ಣ ಮೈ ಎಂದರೆ ಖಾಲಿ ಕಣಜ ಎಂದೇ ಅರ್ಥವಾಗುತ್ತಿತ್ತು.

ಆದ್ದರಿಂದಲೇ ‘ಮನೆಯಲ್ಲಿ ಊಟ ಹಾಕುವುದಿಲ್ಲವೇ?’ ಎಂಬ ಪ್ರಶ್ನೆ ಕೇವಲ ಆ ಹುಡುಗನಿಗೆ ತಾಗುವುದಿಲ್ಲ. ಅವನಿಗೆ ಬಡಿಸಿದ ತಾಯಿಗೂ ತಾಗುತ್ತದೆ, ದುಡಿದು ತಂದ ತಂದೆಗೂ ತಾಗುತ್ತದೆ. ಒಂದು ಮಾತು ಇಡೀ ಮನೆಯನ್ನು ಹೀಯಾಳಿಸುತ್ತದೆ.

ಟಿಕೆಟ್ ಕೊಟ್ಟು ನೋಡಿದ ಮೈಗಳು

ಮೈಯ ಗಾತ್ರವನ್ನು ತಮಾಷೆಯ ವಸ್ತುವಾಗಿ ಮಾರಿದ ಕಾಲವೂ ಇತ್ತು. ಇಂಗ್ಲೆಂಡಿನ ಲೀಸ್ಟರ್ ನಗರದಲ್ಲಿ 1770ರಲ್ಲಿ ಹುಟ್ಟಿದ ಡೇನಿಯಲ್ ಲ್ಯಾಂಬರ್ಟ್ ಅಲ್ಲಿನ ಸೆರೆಮನೆಯ ಮೇಲ್ವಿಚಾರಕನಾಗಿದ್ದ. ಮಿತವಾಗಿ ಉಣ್ಣುತ್ತಿದ್ದ, ಮದ್ಯ ಮುಟ್ಟುತ್ತಿರಲಿಲ್ಲ ಎಂದು ಅವನ ಕಾಲದವರು ಬರೆದಿದ್ದಾರೆ. ಆದರೂ ಮೈ ಬೆಳೆಯುತ್ತಲೇ ಹೋಯಿತು. ಸೆರೆಮನೆ ಮುಚ್ಚಿ ಕೆಲಸ ಹೋದ ಮೇಲೆ ಜನರ ಕಣ್ಣಿಗೆ ಹೆದರಿ ಮನೆಯೊಳಗೇ ಉಳಿದ. ಕೊನೆಗೆ ಹಣದ ಅಡಚಣೆಯಿಂದ 1806ರಲ್ಲಿ ಲಂಡನ್ನಿನ ಪಿಕಾಡಿಲಿಯಲ್ಲಿ ಮನೆ ಹಿಡಿದು, ತಲೆಗೆ ಒಂದು ಶಿಲ್ಲಿಂಗ್ ಪಡೆದು ತನ್ನನ್ನು ತಾನೇ ತೋರಿಸಿಕೊಂಡ.

ಬಂದವರು ಮರ್ಯಾದೆಯಿಂದ ನಡೆದುಕೊಳ್ಳಬೇಕೆಂಬುದು ಅವನ ಕಟ್ಟುನಿಟ್ಟು. ಅಂಗಿಗೆ ಎಷ್ಟು ಖರ್ಚಾಯಿತು ಎಂದು ಒಬ್ಬರು ಕೆಣಕಿದಾಗ, ಹೊಸದೊಂದನ್ನು ಹೊಲಿಸಿಕೊಡಿ, ಆಗ ಸರಿಯಾಗಿ ತಿಳಿಯುತ್ತದೆ ಎಂದು ಉತ್ತರಿಸಿದನಂತೆ. 1809ರಲ್ಲಿ, 39ನೇ ವಯಸ್ಸಿನಲ್ಲಿ ತೀರಿಕೊಂಡಾಗ ಅವನ ತೂಕ ಸುಮಾರು 335 ಕಿಲೋ.

ಸ್ವಾರಸ್ಯವೆಂದರೆ, ಅದು ಇಂಗ್ಲೆಂಡ್ ಮತ್ತು ಫ್ರಾನ್ಸ್ ಯುದ್ಧದ ಕಾಲ. ವ್ಯಂಗ್ಯಚಿತ್ರಕಾರರು ಲ್ಯಾಂಬರ್ಟನನ್ನು ಇಂಗ್ಲೆಂಡಿನ ಸಮೃದ್ಧಿಯ ಗುರುತಾಗಿ ಬರೆದು, ಎದುರಿಗೆ ನೆಪೋಲಿಯನ್ನನನ್ನು ಒಣಗಿದ ಕಡ್ಡಿಯಂತೆ ಚಿತ್ರಿಸಿದರು. ದಪ್ಪ ದೇಶದ ಹೆಮ್ಮೆಯಾಯಿತು, ತೆಳು ಶತ್ರುವಿನ ಅವಮಾನವಾಯಿತು.

ಅದೇ ಪಿಕಾಡಿಲಿಗೆ 1810ರಲ್ಲಿ ದಕ್ಷಿಣ ಆಫ್ರಿಕದ ಖೋಯ್‌ಖೋಯ್ ಜನಾಂಗದ ಸಾರಾ ಬಾರ್ಟ್‌ಮನ್ ಎಂಬ ಹೆಣ್ಣುಮಗಳನ್ನು ಕರೆತರಲಾಯಿತು. ಅವಳ ಸೊಂಟದ ಕೆಳಗಿನ ಗಾತ್ರವನ್ನು ನೋಡಲು ಜನ ಹಣ ಕೊಟ್ಟರು. ಲ್ಯಾಂಬರ್ಟನಿಗೆ ಬಾಗಿಲು ಮುಚ್ಚುವ ಅಧಿಕಾರವಿತ್ತು. ಅವಳಿಗೆ ಅದೂ ಇರಲಿಲ್ಲ. ಅವಳು 1815ರಲ್ಲಿ ಪ್ಯಾರಿಸ್ಸಿನಲ್ಲಿ ಸತ್ತ ಮೇಲೂ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಅವಳ ಅಸ್ಥಿಪಂಜರವನ್ನು 1970ರ ದಶಕದವರೆಗೆ ಪ್ರದರ್ಶನಕ್ಕೆ ಇಟ್ಟಿದ್ದರು. ಅವಶೇಷಗಳು ತಾಯ್ನಾಡಿಗೆ ಮರಳಿ ಮಣ್ಣಾದದ್ದು 2002ರಲ್ಲಿ.

ಸಣ್ಣಗಿದ್ದವರಿಗೂ ಬಿಡುಗಡೆ ಇರಲಿಲ್ಲ. 1825ರಲ್ಲಿ ಕ್ಲೋಡ್ ಸ್ಯೂರಾ ಎಂಬ ಫ್ರೆಂಚ್ ಯುವಕನನ್ನು ‘ಜೀವಂತ ಅಸ್ಥಿಪಂಜರ’ ಎಂಬ ಹೆಸರಿನಲ್ಲಿ ಲಂಡನ್ನಿನ ಪಾಲ್ ಮಾಲ್ ಬೀದಿಯಲ್ಲಿ ತೋರಿಸಲಾಯಿತು. ದಪ್ಪ ಮೈಗೊಂದು ಟಿಕೆಟ್, ತೆಳು ಮೈಗೊಂದು ಟಿಕೆಟ್. ನೋಡುವವರ ನಗು ಮಾತ್ರ ಒಂದೇ.

‘ಸರಾಸರಿ ಮನುಷ್ಯ’ ಹುಟ್ಟಿದ ಬಗೆ

ಹಾಗಾದರೆ ‘ಸರಿಯಾದ’ ಮೈ ಎಂಬುದೊಂದು ಇದೆಯೇ? ಈ ಪ್ರಶ್ನೆಗೆ ಅಂಕಿಗಳಲ್ಲಿ ಉತ್ತರ ಹುಡುಕಲು ದಾರಿ ಮಾಡಿದವನು ಬೆಲ್ಜಿಯಂನ ಅಡಾಲ್ಫ್ ಕೆಟಲೆ. ಅವನು ವೈದ್ಯನಲ್ಲ, ಖಗೋಳ ಮತ್ತು ಗಣಿತ ಶಾಸ್ತ್ರಜ್ಞ. ನಕ್ಷತ್ರಗಳ ಲೆಕ್ಕದಂತೆಯೇ ಮನುಷ್ಯರ ಲೆಕ್ಕವನ್ನೂ ಮಾಡಬಹುದೆಂದು 1835ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ‘ಸರಾಸರಿ ಮನುಷ್ಯ’ನ ಕಲ್ಪನೆ ಮುಂದಿಟ್ಟ. ವಯಸ್ಕರ ತೂಕ ಹೆಚ್ಚುಕಡಿಮೆ ಅವರ ಎತ್ತರದ ವರ್ಗಕ್ಕೆ ಅನುಗುಣವಾಗಿರುತ್ತದೆ ಎಂದೂ ಕಂಡುಕೊಂಡ. ಸಮಾಜವನ್ನು ಅರಿಯಲು ಹೊರಟ ಅವನ ಲೆಕ್ಕ ಯಾವ ಒಬ್ಬ ವ್ಯಕ್ತಿಗೂ ರೋಗವಿದೆ, ಇಲ್ಲ ಎಂದು ಹೇಳಲು ಮಾಡಿದ್ದಲ್ಲ.

ಮುಂದೆ ಈ ಕೆಲಸಕ್ಕೆ ಜೀವವಿಮಾ ಕಂಪೆನಿಗಳು ಇಳಿದವು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಲೈಫ್ ಕಂಪೆನಿ 1942-43ರಲ್ಲಿ ಎತ್ತರಕ್ಕೆ ತಕ್ಕ ‘ಆದರ್ಶ ತೂಕ’ದ ಪಟ್ಟಿಗಳನ್ನು ಹೊರಡಿಸಿತು. ಪಾಲಿಸಿ ಕೊಂಡ ಅಮೆರಿಕನ್ನರ ಲೆಕ್ಕ ವೈದ್ಯರ ಗೋಡೆಯನ್ನೇರಿತು. ಕೆಟಲೆಯ ಸೂತ್ರಕ್ಕೆ 1972ರಲ್ಲಿ ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ ಮತ್ತು ಸಂಗಡಿಗರು ‘ಬಾಡಿ ಮಾಸ್ ಇಂಡೆಕ್ಸ್’ ಎಂದು ಹೆಸರಿಟ್ಟರು. ಇಂದು ಎಲ್ಲರ ಬಾಯಲ್ಲಿರುವ ಬಿಎಂಐ ಇದೇ.

ಈ ಗೆರೆಯೂ ಸ್ಥಿರವಾಗಿ ನಿಲ್ಲಲಿಲ್ಲ. ಅತಿತೂಕದ ಗಡಿ ಅಮೆರಿಕದಲ್ಲಿ ಗಂಡಸರಿಗೆ 27.8, ಹೆಂಗಸರಿಗೆ 27.3 ಇದ್ದುದನ್ನು 1998ರಲ್ಲಿ 25ಕ್ಕೆ ಇಳಿಸಲಾಯಿತು. ಒಂದು ಗ್ರಾಂ ತೂಕವೂ ಏರದೆ ಎರಡೂವರೆ ಕೋಟಿಗೂ ಹೆಚ್ಚು ಜನ ಅತಿತೂಕದವರ ಪಟ್ಟಿಗೆ ಸೇರಿದರು. ಏಷ್ಯದ ಜನರಲ್ಲಿ 23ರಿಂದಲೇ ಎಚ್ಚರಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ ಹೇಳಿದರು. ಇವೆಲ್ಲ ವೈದ್ಯರಿಗೆ ಉಪಯುಕ್ತ ಸೂಚನೆಗಳು, ನಿಜ. ಆದರೆ ತಜ್ಞರೇ ಆಗಾಗ ತಿದ್ದಿಕೊಳ್ಳುವ ಗೆರೆಯನ್ನು ನೆಂಟರೊಬ್ಬರು ಕಣ್ಣಳತೆಯಲ್ಲೇ ಎಳೆದು ತೀರ್ಪು ಕೊಡುವುದು ಎಷ್ಟು ಸರಿ?

ಹಂಗಿಸಿದರೆ ಒಳ್ಳೆಯದಾಗುವುದೇ?

ಅವರ ಒಳ್ಳೆಯದಕ್ಕೇ ಹೇಳಿದ್ದು ಎಂಬುದು ಹಂಗಿಸುವವರ ಹಳೆಯ ಸಮಾಧಾನ. ಇದಕ್ಕೆ ಲಂಡನ್ನಿನ ವಿಲಿಯಂ ಬ್ಯಾಂಟಿಂಗ್‌ನ ಬದುಕೇ ಉತ್ತರ. ಅವನ ಮನೆತನದ್ದು ಶವಸಂಸ್ಕಾರದ ವ್ಯವಸ್ಥೆ ಮಾಡುವ ವೃತ್ತಿ, ರಾಜಮನೆತನದ ಕೆಲಸವೂ ಅವರದೇ. ಐದಡಿ ಐದಂಗುಲದ ಅವನ ತೂಕ 1862ರಲ್ಲಿ ಸುಮಾರು 92 ಕಿಲೋ ಇತ್ತು. ಬೂಟಿನ ದಾರ ಕಟ್ಟಲೂ ಆಗುತ್ತಿರಲಿಲ್ಲ. ಬೀದಿಯಲ್ಲಿ, ವಾಹನಗಳಲ್ಲಿ, ಸಭೆಗಳಲ್ಲಿ ಜನರ ಕುಹಕ ಸಹಿಸಲಾರದೆ ಅಂಥ ಕಡೆ ಹೋಗುವುದನ್ನೇ ತಪ್ಪಿಸುತ್ತಿದ್ದುದಾಗಿ ಅವನು ಬರೆದುಕೊಂಡಿದ್ದಾನೆ. ವರ್ಷಗಟ್ಟಲೆ ದೋಣಿ ಹುಟ್ಟು ಹಾಕಿದ, ನಡೆದ, ಬಿಸಿ ಹಬೆಯಲ್ಲಿ ಕೂತ. ವರ್ಷಗಟ್ಟಲೆ ಜನರೂ ನಕ್ಕರು. ತೂಕ ಇಳಿಯಲಿಲ್ಲ.

ಕಿವಿ ಮಂದವಾಯಿತೆಂದು ವಿಲಿಯಂ ಹಾರ್ವೆ ಎಂಬ ಕಿವಿಯ ವೈದ್ಯನ ಬಳಿ ಹೋದಾಗ ಅವನು ನಗಲಿಲ್ಲ. ಬ್ರೆಡ್, ಸಕ್ಕರೆ, ಬಿಯರ್, ಆಲೂಗಡ್ಡೆ ಬಿಡುವಂತೆ ಹೇಳಿದ. ವರ್ಷದಲ್ಲಿ ಸುಮಾರು 20 ಕಿಲೋ ಇಳಿಯಿತು. 1863ರಲ್ಲಿ ಬ್ಯಾಂಟಿಂಗ್ ತನ್ನ ಅನುಭವದ ಕಿರುಹೊತ್ತಗೆಯನ್ನು ಅಚ್ಚುಮಾಡಿಸಿ ಮೊದಲು ಉಚಿತವಾಗಿಯೇ ಹಂಚಿದ. ಪಥ್ಯ ಮಾಡುವುದಕ್ಕೆ ಸ್ವೀಡಿಷ್ ಭಾಷೆಯಲ್ಲಿ ಇಂದಿಗೂ ಅವನ ಹೆಸರಿನಿಂದಲೇ ಬಂದ ‘ಬಾಂಟ’ ಎಂಬ ಕ್ರಿಯಾಪದವಿದೆ. ಅವನಿಗೆ ನೆರವಾದದ್ದು ಬಾಗಿಲು ಹಾಕಿದ ಕೋಣೆಯಲ್ಲಿ ವೈದ್ಯ ಕೊಟ್ಟ ಸಲಹೆ, ಬೀದಿಯ ಕುಹಕವಲ್ಲ.

ಸಣ್ಣ ಮೈಯ ಸಂಕಟ

ಸಣ್ಣಗಿರುವವರನ್ನು ಹಂಗಿಸುವುದಕ್ಕೆ ರಾಜಕೀಯದ ಬಲವೂ ಇತ್ತು. ವಾರನ್ ಹೇಸ್ಟಿಂಗ್ಸ್ ಕುರಿತು 1841ರಲ್ಲಿ ಬರೆದ ಪ್ರಬಂಧದಲ್ಲಿ ಮೆಕಾಲೆ ಬಂಗಾಳಿಗಳ ಮೈಯನ್ನು ದುರ್ಬಲವೆಂದು ಹೀಗಳೆದ. ಆಳಿಸಿಕೊಳ್ಳುವವರ ತೋಳು ತೆಳ್ಳಗಿದೆ ಎಂಬುದೇ ಆಳುವವರಿಗೆ ಸಮರ್ಥನೆಯಾಯಿತು. ಈ ಮಾತು ಭಾರತೀಯರ ಮನಸ್ಸಿನೊಳಕ್ಕೂ ಇಳಿಯಿತು. ರಾಜಕೋಟೆಯಲ್ಲಿ ಓದುತ್ತಿದ್ದ ಕೃಶಕಾಯದ ಬಾಲಕ ಮೋಹನದಾಸ ಗಾಂಧಿಗೆ, ಮಾಂಸ ತಿನ್ನುವುದರಿಂದಲೇ ಇಂಗ್ಲಿಷರು ಬಲಶಾಲಿಗಳಾಗಿ ನಮ್ಮನ್ನು ಆಳುತ್ತಿದ್ದಾರೆಂದು ಗೆಳೆಯನೊಬ್ಬ ನಂಬಿಸಿದ. ಗಾಂಧಿ ಕದ್ದುಮುಚ್ಚಿ ಐದಾರು ಬಾರಿ ಮಾಂಸ ತಿಂದರು. ತಂದೆತಾಯಿಗೆ ಸುಳ್ಳು ಹೇಳಬೇಕಾಯಿತಲ್ಲ ಎಂಬ ಕೊರಗಿನಿಂದ ಬಿಟ್ಟರು. ಆತ್ಮಕಥೆಯಲ್ಲಿ ಇದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ.

ಅತ್ತ ಅಮೆರಿಕದಲ್ಲಿ ಈ ನಾಚಿಕೆ ವ್ಯಾಪಾರವಾಯಿತು. ಇಟಲಿಯಿಂದ ವಲಸೆ ಬಂದ ಚಾರ್ಲ್ಸ್ ಅಟ್ಲಾಸ್ ಅಂಚೆಯ ಮೂಲಕ ಅಂಗಸಾಧನೆ ಕಲಿಸುತ್ತಿದ್ದ. ಅವನ ಜಾಹೀರಾತು ದಶಕಗಳ ಕಾಲ ಚಿತ್ರಕಥೆಯ ಪುಸ್ತಕಗಳಲ್ಲಿ ಬಂತು. ಕಡಲ ದಂಡೆಯಲ್ಲಿ ಗೆಳತಿಯ ಎದುರೇ ಸಣಕಲು ಹುಡುಗನ ಮುಖಕ್ಕೆ ಒಬ್ಬ ದಾಂಡಿಗ ಮರಳು ಎರಚುತ್ತಾನೆ. ಹುಡುಗ ಮೈ ಬೆಳೆಸಿ ಬಂದು ಅವನಿಗೆ ಗುದ್ದುತ್ತಾನೆ. ಮರಳು ಎರಚಿದ್ದು ತಪ್ಪೆಂದು ಆ ಜಾಹೀರಾತು ಎಲ್ಲೂ ಹೇಳುವುದಿಲ್ಲ, ಸಣ್ಣಗಿದ್ದದ್ದೇ ತಪ್ಪು.

ನಮ್ಮ ಸಿನಿಮಾ ಇದೇ ನಗುವನ್ನು ತೆರೆಗೆ ತಂದಿತು. 1947ರ ‘ದರ್ದ್’ ಚಿತ್ರದಲ್ಲಿ ನೌಷಾದರ ಸಂಗೀತಕ್ಕೆ ಹಾಡಿ ಹೆಸರಾದ ಉಮಾದೇವಿ, 1950ರ ‘ಬಾಬುಲ್’ನಿಂದ ಹಾಸ್ಯನಟಿ ಟುನ್‌ಟುನ್ ಆದರು. ಕಂಠಕ್ಕೆ ಸಿಕ್ಕಿದ್ದ ಹೆಸರನ್ನು ಗಾತ್ರಕ್ಕೆ ಸಿಕ್ಕ ಹೆಸರು ನುಂಗಿತು. ಉತ್ತರ ಭಾರತದಲ್ಲಿ ದಪ್ಪಗಿರುವ ಹೆಂಗಸರನ್ನೆಲ್ಲ ಟುನ್‌ಟುನ್ ಎನ್ನುವ ರೂಢಿ ಬೆಳೆಯಿತು. ಕನ್ನಡದಲ್ಲಿ ‘ಬೇಡರ ಕಣ್ಣಪ್ಪ’ದಿಂದ ಬೆಳಗಿದ ನರಸಿಂಹರಾಜು ಅವರ ತೆಳು ಮೈ ಕಂಡೊಡನೆ ಚಿತ್ರಮಂದಿರ ನಗುತ್ತಿತ್ತು. ಅವರದು ಮೈಯನ್ನು ಮೀರಿದ ಕಲೆ. ತರಗತಿಯಲ್ಲಿ ಕುಳಿತ ಸಣಕಲು ಹುಡುಗನಿಗೆ ಆ ಕಲೆ ಇಲ್ಲ, ಅವನ ಪಾಲಿಗೆ ಉಳಿಯುವುದು ನಗು ಮಾತ್ರ.

ವಿಜ್ಞಾನ ಹೇಳುವುದೇನು?

ಮೈಯ ಗಾತ್ರ ಪೂರ್ತಿಯಾಗಿ ನಮ್ಮ ಕೈಯಲ್ಲಿಲ್ಲ. ಡೆನ್ಮಾರ್ಕಿನಲ್ಲಿ ದತ್ತು ಹೋಗಿದ್ದ 540 ಮಂದಿಯನ್ನು ಕುರಿತ ಅಧ್ಯಯನವೊಂದು 1986ರಲ್ಲಿ ಪ್ರಕಟವಾಯಿತು. ಅವರ ಗಾತ್ರ ಹೋಲುತ್ತಿದ್ದುದು ಹೆತ್ತವರ ಗಾತ್ರವನ್ನು, ಉಣಿಸಿ ಬೆಳೆಸಿದವರದನ್ನಲ್ಲ. ತೀರ ತೆಳ್ಳಗಿರುವವರಿಂದ ತೀರ ದಪ್ಪಗಿರುವವರವರೆಗೂ ಇದು ನಿಜವಾಗಿತ್ತು. 2019ರಲ್ಲಿ ಕೇಂಬ್ರಿಡ್ಜ್ ವಿಜ್ಞಾನಿಗಳು ಆರೋಗ್ಯವಂತರಾದ 1,622 ತೆಳ್ಳಗಿನ ಜನರ ವಂಶವಾಹಿಗಳನ್ನು ಪರೀಕ್ಷಿಸಿ, ತೆಳ್ಳಗಿರುವುದೂ ಬಹುಮಟ್ಟಿಗೆ ವಂಶದಿಂದ ಬರುತ್ತದೆ ಎಂದು ತೋರಿಸಿದರು. ತೂಕದ ಕಾರಣಕ್ಕೆ ಹೀಯಾಳಿಸುವುದು ಮೈಗೂ ಮನಸ್ಸಿಗೂ ಹಾನಿ ಎಂದು 2020ರಲ್ಲಿ ಹಲವು ದೇಶಗಳ ತಜ್ಞರು ಜಂಟಿ ಹೇಳಿಕೆ ನೀಡಿದರು.

ತೂಕಕ್ಕೂ ಆರೋಗ್ಯಕ್ಕೂ ಸಂಬಂಧವೇ ಇಲ್ಲವೆಂದು ಇದರ ಅರ್ಥವಲ್ಲ. ಆದರೆ ಎದುರಿಗಿರುವವರು ಏಕೆ ಸೊರಗಿದ್ದಾರೆಂದು ನೋಡುವ ಕಣ್ಣಿಗೆ ತಿಳಿಯುವುದಿಲ್ಲ. ಅದು ಮಧುಮೇಹವಿರಬಹುದು, ಕ್ಷಯವಿರಬಹುದು, ಹೇಳಿಕೊಳ್ಳಲಾಗದ ದುಃಖವಿರಬಹುದು, ಅಥವಾ ಹುಟ್ಟಿನಿಂದ ಬಂದ ಸಹಜ ಮೈಕಟ್ಟೇ ಇರಬಹುದು. ಸಣ್ಣಗಾಗಿ ಚೆನ್ನಾಗಿ ಕಾಣುತ್ತೀಯ ಎಂಬ ಹೊಗಳಿಕೆ ಕೂಡ ಕಾಯಿಲೆಯವರ ಎದೆಗೆ ಚುಚ್ಚಬಲ್ಲದು. ನಿಜವಾದ ಕಾಳಜಿ ಇದ್ದವರು ಪಂಕ್ತಿಯ ನಡುವೆ ಕೂಗಿ ಕೇಳುವುದಿಲ್ಲ, ಊಟವಾದ ಮೇಲೆ ಪಕ್ಕಕ್ಕೆ ಕರೆದು ‘ಹೇಗಿದ್ದೀಯ?’ ಎನ್ನುತ್ತಾರೆ.

ಗಣಪನ ಕಥೆಯಲ್ಲಿ ಚಂದ್ರನಿಗೆ ಕೊನೆಗೆ ಕ್ಷಮೆ ಸಿಕ್ಕಿತು. ಶಾಪ ವರ್ಷಕ್ಕೆ ಒಂದು ರಾತ್ರಿಗೆ ಇಳಿಯಿತು. ಜನ ನಕ್ಕ ಡೊಳ್ಳುಹೊಟ್ಟೆಯವನೇ ಇಂದಿಗೂ ಮೊದಲ ಪೂಜೆ ಪಡೆಯುತ್ತಾನೆ. ಅವನ ಮುಂದೆ ಕೈಮುಗಿದು ಎದ್ದವರು, ಪಕ್ಕದಲ್ಲಿ ನಿಂತವರ ಹೊಟ್ಟೆಯನ್ನೋ ಮೂಳೆಯನ್ನೋ ಲೆಕ್ಕ ಹಾಕುವ ಮುನ್ನ ಆ ಕಥೆಯನ್ನೊಮ್ಮೆ ನೆನೆದರೆ ಸಾಕು.