ಹಿತ್ತಲ ತೋಟದ ಮೂವತ್ತು ವರ್ಷಗಳ ಲೆಕ್ಕ

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮಗೆಲ್ಲ ಬಾಯಿಪಾಠ. ಪ್ರಕೃತಿಯನ್ನು ಅರಿಯಲು ದಟ್ಟ ಕಾಡಿಗೇ ಹೋಗಬೇಕೆಂಬ ನಂಬಿಕೆಯೂ ಆ ಗಾದೆಯ ಇನ್ನೊಂದು ರೂಪವೇ. ಈ ನಂಬಿಕೆಯನ್ನು ಸುಳ್ಳಾಗಿಸಿದ ಮಹಿಳೆಯೊಬ್ಬರ ವಿಚಾರವನ್ನು ನನ್ನ ಹಳೆಯ ವಿದ್ಯಾರ್ಥಿಗಳಿಗೆ ತಿಳಿಸಬಯಸುತ್ತೇನೆ.

ಜೆನಿಫರ್ ಓವೆನ್ ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ನೆಲೆಸಿದ್ದ ಪ್ರಾಣಿಶಾಸ್ತ್ರಜ್ಞೆ. ಅವರ ಮನೆಗೆ ಸೇರಿದ್ದುದು ಹುಲ್ಲುಹಾಸು, ಹೂವಿನ ಪಾತಿ, ತರಕಾರಿ ಮಡಿಗಳಿದ್ದ ಸಾಧಾರಣ ತೋಟ. 1972ರಿಂದ 2001ರವರೆಗೆ ಮೂವತ್ತು ವರ್ಷ ಅಲ್ಲಿ ಕಂಡ ಜೀವಿಗಳನ್ನು ಅವರು ಗುರುತಿಸಿ ಬರೆದಿಟ್ಟರು. ಕೀಟನಾಶಕವನ್ನು ಬಳಸಲಿಲ್ಲ. ನಾವು ಕಳೆಯೆಂದು ಕಿತ್ತೆಸೆಯುವಂಥ ಕಾಡುಗಿಡಗಳಿಗೂ ಅವರ ಪಟ್ಟಿಯಲ್ಲಿ ಸ್ಥಾನವಿತ್ತು. ಹಾರುವ ಕೀಟಗಳಿಗಾಗಿ ಡೇರೆಯಂತಹ ಬಲೆಯೊಂದನ್ನು ಕಟ್ಟಿದ್ದರು. ತಡೆಗೆ ಸಿಕ್ಕ ಕೀಟ ಬೆಳಕಿನತ್ತ ಮೇಲೇರುವುದು ಸಹಜ; ಹಾಗೆ ಏರಿದುದು ತುದಿಯಲ್ಲಿದ್ದ ಸೀಸೆಯನ್ನು ಸೇರುತ್ತಿತ್ತು.

ಕೊನೆಗೆ ದೊರೆತ ಲೆಕ್ಕ ಹೀಗಿದೆ: ಸಸ್ಯಗಳು 474, ಕೀಟಗಳು 1,997, ಬೆನ್ನೆಲುಬಿಲ್ಲದ ಇತರ ಜೀವಿಗಳು 138, ಬೆನ್ನೆಲುಬುಳ್ಳವು 64, ಒಟ್ಟು 2,673 ಪ್ರಭೇದಗಳು. ಕೆಲವು ಪರಾವಲಂಬಿ ಕಣಜಗಳಂತೂ ವಿಜ್ಞಾನಕ್ಕೇ ಹೊಸತಾಗಿದ್ದವು. ನರಮಂಡಲವನ್ನು ಬಾಧಿಸುವ ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗ ಅವರ ಚಲನೆಯನ್ನು ಕುಗ್ಗಿಸಿದರೂ ಈ ಕಾರ್ಯ ನಿಲ್ಲಲಿಲ್ಲ. ಅಧ್ಯಯನದ ಪೂರ್ಣ ವಿವರ 2010ರಲ್ಲಿ ಪುಸ್ತಕವಾಯಿತು. 2014ರಲ್ಲಿ ಅವರು ತೀರಿಕೊಂಡರು.

ಇಂತಹ ದಾಖಲೆಯಿಂದ ಏನು ಪ್ರಯೋಜನವೆಂದು ಕೇಳುವವರಿಗೆ ಜರ್ಮನಿಯ ಕ್ರೆಫೆಲ್ಡ್ ನಗರದಲ್ಲಿ ಉತ್ತರವಿದೆ. ಹವ್ಯಾಸಿಗಳೇ ಹೆಚ್ಚಾಗಿರುವ ಅಲ್ಲಿನ ಕೀಟಾಸಕ್ತರ ಸಂಘ 1989ರಿಂದ 2016ರವರೆಗೆ 63 ಸಂರಕ್ಷಿತ ತಾಣಗಳಲ್ಲಿ ಇಂಥವೇ ಬಲೆಗಳನ್ನು ಕಟ್ಟಿ, ಸಿಕ್ಕ ಕೀಟಗಳನ್ನು ತೂಗುತ್ತ ಬಂದಿತು. 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ 27 ವರ್ಷಗಳಲ್ಲಿ ಹಾರುವ ಕೀಟಗಳ ಒಟ್ಟು ತೂಕ ಶೇಕಡ 75ಕ್ಕೂ ಹೆಚ್ಚು ಕುಸಿದಿತ್ತು. ನಡುಬೇಸಿಗೆಯಲ್ಲಿ ಕುಸಿತ ಶೇಕಡ 82. ಹಳೆಯ ತೂಕಗಳನ್ನು ಯಾರೂ ಬರೆದಿಡದಿದ್ದರೆ ನಷ್ಟದ ಈ ಪ್ರಮಾಣ ತಿಳಿಯುತ್ತಲೇ ಇರಲಿಲ್ಲ. ಕೀಟ ತಗ್ಗಿದರೆ ಅದನ್ನು ತಿಂದು ಬದುಕುವ ಹಕ್ಕಿಗೂ, ಪರಾಗಸ್ಪರ್ಶಕ್ಕೆ ಅದನ್ನು ನಂಬಿದ ಹೂವಿಗೂ ಕೇಡು ತಪ್ಪದು.

ಮಕ್ಕಳೇ, ನೀವು ಈಗ ಯಾವ ಊರಿನಲ್ಲೇ ಇರಿ, ಮನೆಯ ಮಗ್ಗುಲಲ್ಲಿ ಅಂಗೈಯಗಲದ ನೆಲವಾದರೂ ಇದ್ದೀತು. ಈ ಬೇಸಿಗೆಯಲ್ಲಿ ಅಲ್ಲಿ ಅರಳಿದ ಹೂವನ್ನೂ ಅದರ ಮೇಲೆ ಕುಳಿತ ಕೀಟವನ್ನೂ ದಿನಾಂಕದೊಡನೆ ಬರೆದಿಡಿ. ಹೆಸರು ತಿಳಿಯದಿದ್ದರೆ ಚಿತ್ರ ಬರೆಯಿರಿ. ಮುಂದಿನವರಿಗೆ ಅದು ಬೇಕಾಗುತ್ತದೆ.