ನಕ್ಷತ್ರಯಾನದ ಲೆಕ್ಕ, ನಿಂಬಾಪುರದ ಬೂದಿ

ಹಂಪಿಯ ಕಲ್ಲುಗೆಲಸ ಅನ್ಯಗ್ರಹದವರದೆಂಬ ಮಾತು ವಿಡಿಯೋಗಳಲ್ಲಿ ಆಗಾಗ ಕೇಳಿಬರುತ್ತದೆ. ಅದರಲ್ಲಿ ಎರಡು ಪ್ರಶ್ನೆಗಳು ಕಲಸಿಹೋಗಿವೆ: ನಕ್ಷತ್ರದಿಂದ ನಕ್ಷತ್ರಕ್ಕೆ ಪಯಣ ಸಾಧ್ಯವೇ? ಯಾರಾದರೂ ಬಂದಿದ್ದರೆ ಅದಕ್ಕೆ ಕುರುಹೇನು?

ಮೊದಲನೆಯದನ್ನು ಭೌತಶಾಸ್ತ್ರ ನಿಷೇಧಿಸುವುದಿಲ್ಲ, ಆದರೆ ಅದರ ವೆಚ್ಚ ದೊಡ್ಡದು. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಸಮೀಪದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ, ದೂರ 4.24 ಜ್ಯೋತಿರ್ವರ್ಷ. ಕನ್ನಡದ ಶುಭಾಶಯವನ್ನೂ ಹೊತ್ತು 1977ರಲ್ಲಿ ಹೊರಟ ವಾಯೇಜರ್-1ರ ವೇಗ ಸೆಕೆಂಡಿಗೆ ಸುಮಾರು 17 ಕಿ.ಮೀ. ಆ ವೇಗದಲ್ಲಿ ಅಷ್ಟು ದೂರ ಸಾಗಲು 70 ಸಾವಿರ ವರ್ಷಕ್ಕೂ ಹೆಚ್ಚು ಬೇಕು. ಬೆಳಕಿನ ವೇಗದ ಹತ್ತನೇ ಒಂದು ಪಾಲು ಮುಟ್ಟಿದರೆ 42 ವರ್ಷ ಸಾಕು. ಆದರೆ ಕೇವಲ ಒಂದು ಟನ್ ತೂಕವನ್ನು ಆ ವೇಗಕ್ಕೇರಿಸಲು ಬೇಕಾದ ಶಕ್ತಿಯನ್ನು ಉತ್ಪಾದಿಸಬೇಕಾದರೆ, ಕುಡತಿನಿಯ 1700 ಮೆಗಾವಾಟ್ ಶಾಖೋತ್ಪನ್ನ ಸ್ಥಾವರ ಎಂಟು ವರ್ಷಕ್ಕೂ ಹೆಚ್ಚು ಕಾಲ ಪೂರ್ಣ ಸಾಮರ್ಥ್ಯದಲ್ಲಿ ಎಡೆಬಿಡದೆ ನಡೆಯಬೇಕು. (ಯಾವ ಸ್ಥಾವರವೂ ಹಾಗೆ ನಡೆಯುವುದಿಲ್ಲ, ಆ ಮಾತು ಬೇರೆ.) ಗುರಿ ತಲುಪಿ ನಿಲ್ಲಬೇಕಾದರೆ ವೆಚ್ಚ ಮತ್ತೂ ಏರುತ್ತದೆ. ಸಂಡೂರಿನ ಅದಿರು ಲಾರಿ ಎಬ್ಬಿಸುವ ಕೆಂಪು ದೂಳಿನ ಒಂದೇ ಮಿಲಿಗ್ರಾಂ ದಾರಿಯಲ್ಲಿ ಎದುರಾದರೂ ಸಾಕು, ಅದರ ಹೊಡೆತ ಸುಮಾರು ನೂರು ಕಿಲೋ ಟಿಎನ್‌ಟಿ ಸ್ಫೋಟಕ್ಕೆ ಸಮ.

ಇಷ್ಟೆಲ್ಲ ತೆತ್ತು ಹಂಪಿಗೇ ಏಕೆ ಬರಬೇಕು? 700 ಜ್ಯೋತಿರ್ವರ್ಷ ಆಚೆಯಿಂದ ಇತ್ತ ನೋಡುವವರಿಗೆ ಇಂದು ಕಾಣುವುದು ಕಂಪಿಲಿಯ ಅರಸರ ಕಾಲ; 1336ರ ವಿಜಯನಗರ ಅವರ ಪಾಲಿಗೆ ಇನ್ನೂ ಹುಟ್ಟಿಲ್ಲ.

ಎರಡನೆಯ ಪ್ರಶ್ನೆಗೆ ಈ ನೆಲದಲ್ಲೇ ಒಂದು ಪಾಠವಿದೆ. ಹಂಪಿಯ ಹತ್ತಿರದ ನಿಂಬಾಪುರದ ಬೂದಿದಿಬ್ಬ ವಾಲಿಯ ಚಿತೆಯದೆಂದು ಜನ ನಂಬಿಕೊಂಡು ಬಂದಿದ್ದಾರೆ. ಕುಡತಿನಿಯಲ್ಲೂ ಅಂಥದೇ ದಿಬ್ಬವಿದೆ. ಇಂಥ ದಿಬ್ಬಗಳನ್ನು ಜ್ವಾಲಾಮುಖಿಯ ಬೂದಿಯೆಂದು ಶಂಕಿಸಿದವರೂ ಉಂಟು. 19ನೇ ಶತಮಾನದಲ್ಲೇ ರಾಬರ್ಟ್ ಬ್ರೂಸ್ ಫೂಟ್ ಅದು ಸುಟ್ಟ ಸಗಣಿಯೆಂದು ಗುರುತಿಸಿದರು. ಮುಂದೆ ಎಫ್.ಆರ್. ಆಲ್ಚಿನ್ ಉತ್ನೂರಿನಲ್ಲಿ ಅಗೆದಾಗ ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಅಚ್ಚುಗಳೇ ಸಿಕ್ಕವು. ನವಶಿಲಾಯುಗದ ದನಗಾಹಿಗಳ ದೊಡ್ಡಿಗಳು ಬೆಳಕಿಗೆ ಬಂದದ್ದು ಹೀಗೆ. ನನ್ನ ಮಟ್ಟಿಗೆ ಇದು ಯಾವ ಕಟ್ಟುಕತೆಗಿಂತಲೂ ಸ್ವಾರಸ್ಯದ ಸಂಗತಿ.

ಕಲ್ಲಿನ ವಿಚಾರವೂ ಅಷ್ಟೇ. ಹಂಪಿಯ ಬಂಡೆಗಳ ಮೇಲೆ ಬೆಣೆ ಹೊಡೆಯಲು ಕೊರೆದ ಕುಳಿಗಳ ಸಾಲು ಇಂದಿಗೂ ಕಾಣುತ್ತದೆ. ಕೆಲವು ಬಂಡೆಗಳಲ್ಲಿ ಕೆಲಸ ಅರ್ಧಕ್ಕೇ ನಿಂತಿದೆ. ಉಗ್ರನರಸಿಂಹನ ಕಾಲ 1528 ಎಂದು ಶಾಸನವಿದೆ. ಹೊರಗಿನವರು ಬಂದಾಗಲೂ ದಾಖಲೆ ಉಳಿಯಿತು: 1443ರಲ್ಲಿ ಬಂದ ಅಬ್ದುರ್ ರಜಾಕ್, 1520ರ ಸುಮಾರಿಗೆ ಬಂದ ಡೊಮಿಂಗೊ ಪಾಯೆಸ್ ಕಂಡದ್ದನ್ನು ಬರೆದಿಟ್ಟರು.

ಅನ್ಯಲೋಕದವರು ಬಂದಿದ್ದರೆಂದು ಒಪ್ಪಲು ಅಂಥದೇ ಗಟ್ಟಿ ಕುರುಹು ಬೇಕು: ಸೌರಮಂಡಲದ ವಸ್ತುಗಳಿಗೆ ಹೊಂದದ ಐಸೋಟೋಪು ಪ್ರಮಾಣವಿರುವ ಒಂದು ಲೋಹದ ಚೂರಾದರೂ ಸಾಕು. ಹಂಪಿಯ ಉತ್ಖನನಗಳಲ್ಲಿ ಅಂಥ ಚೂರು ಇದುವರೆಗೆ ಸಿಕ್ಕಿಲ್ಲ.